ಶ್ರಾವಕನ ಕಿವಿ: ವೃದ್ಧಾಪ್ಯದ ಶ್ರವಣದೋಷವೂ ಸಂಶೋಧನೆಯ ಧರ್ಮವೂ

ಶ್ರಾವಕನೆಂದರೆ ಕೇಳುವವನು. ಶ್ರದ್ಧೆ, ವಿವೇಕ, ಕ್ರಿಯೆ ಎಂಬ ಮೂರು ಪದಗಳಿಂದ ಈ ಹೆಸರನ್ನು ಬಿಡಿಸಿ ಹೇಳುವ ಪರಿಪಾಠವೂ ಉಂಟು. ಆದರೆ ಶಬ್ದದ ಮೂಲ ಇರುವುದು ‘ಶ್ರು’ ಧಾತುವಿನಲ್ಲಿ. ಗುರುಮುಖದಿಂದ ಧರ್ಮವನ್ನು ಕೇಳುವವನು ಶ್ರಾವಕ, ಕೇಳುವವಳು ಶ್ರಾವಿಕೆ. ಜ್ಞಾನದ ಐದು ಭೇದಗಳಲ್ಲಿ ಎರಡನೆಯದಕ್ಕೂ ಶ್ರುತವೆಂದೇ ಹೆಸರು. ಗಿರಿನಾರದ ಚಂದ್ರಗುಹೆಯಲ್ಲಿದ್ದ ಧರಸೇನಾಚಾರ್ಯರು ತಮ್ಮ ವೃದ್ಧಾಪ್ಯದಲ್ಲಿ, ಕೇಳಿ ಉಳಿಸಿಕೊಂಡು ಬಂದ ಆಗಮವು ತಮ್ಮೊಡನೆ ಅಳಿಯಬಾರದೆಂದು ಪುಷ್ಪದಂತ, ಭೂತಬಲಿಗಳನ್ನು ಕರೆಸಿಕೊಂಡರು. ಆ ಇಬ್ಬರು ಮುನಿಗಳು ಕೇಳಿದ್ದೇ ಷಟ್‌ಖಂಡಾಗಮವಾಗಿ ಗ್ರಂಥಸ್ಥವಾಯಿತು. ಅದರ ಧವಲಾ ಟೀಕೆಯ ತಾಡವೋಲೆಗಳನ್ನು ಶತಮಾನಗಳ ಕಾಲ ಕಾಪಾಡಿದ್ದು ಮೂಡುಬಿದಿರೆಯ ಸಿದ್ಧಾಂತ ಬಸದಿ. ಶ್ರುತಪಂಚಮಿಯಂದು ಆ ಊರಿನಲ್ಲಿ ಪೂಜೆಗೊಳ್ಳುವ ಶ್ರುತವು ಮೊದಲು ಕಿವಿಯ ಮೂಲಕ ಬಂದದ್ದು, ಓಲೆಯ ಮೇಲೆ ಇಳಿದದ್ದು ಅನಂತರ.

ಈ ಹಿನ್ನೆಲೆಯಲ್ಲಿ ಒಂದು ಸಾಮಾನ್ಯ ದೃಶ್ಯವನ್ನು ಗಮನಿಸಬೇಕು. ಮೂಡುಬಿದಿರೆಯಲ್ಲಾಗಲಿ, ವೇಣೂರಿನಲ್ಲಾಗಲಿ, ಬಂಟ್ವಾಳದ ಕಡೆಯ ಯಾವುದಾದರೂ ಬಸದಿಯಲ್ಲಾಗಲಿ ಪ್ರವಚನ ನಡೆಯುವಾಗ ಮುಂದಿನ ಸಾಲಿನಲ್ಲಿ ಎಪ್ಪತ್ತು ಎಂಬತ್ತು ವರ್ಷದ ಹಿರಿಯರು ಕುಳಿತಿರುತ್ತಾರೆ. ಕೈ ಮುಗಿದಿರುತ್ತದೆ, ದೃಷ್ಟಿ ಪ್ರವಚನಕಾರರ ಮೇಲಿರುತ್ತದೆ, ಉಳಿದವರು ನಕ್ಕಾಗ ಅವರೂ ನಗುತ್ತಾರೆ. ಮನೆಗೆ ಮರಳಿದ ಮೇಲೆ ಮೊಮ್ಮಗಳು ‘ಇವತ್ತು ಏನು ಹೇಳಿದರು ಅಜ್ಜ’ ಎಂದರೆ ‘ಒಳ್ಳೆಯದಾಯಿತು’ ಎಂಬಷ್ಟೇ ಉತ್ತರ. ಸೊಸೆಗೆ ತಿಳಿದಿದೆ, ಮಗನಿಗೂ ತಿಳಿದಿದೆ. ‘ಅವರಿಗೆ ಕಿವಿ ಸ್ವಲ್ಪ ಮಂದ’ ಎಂದು ಹೇಳಿ ಮಾತು ಮುಗಿಸುತ್ತಾರೆ. ಆ ಮನೆಯಲ್ಲಿ ಒಬ್ಬ ಶ್ರಾವಕನು ಶ್ರಾವಕನಾಗಿ ಉಳಿಯುವ ಸಾಧನವನ್ನು ಸದ್ದಿಲ್ಲದೆ ಕಳೆದುಕೊಂಡಿದ್ದಾನೆಂದು ಯಾರಿಗೂ ಅನಿಸುವುದಿಲ್ಲ.

ಇದು ಕೆಲವೇ ಮನೆಗಳ ಮಾತಲ್ಲ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಪ್ರಕಟಿಸಿದ ಶ್ರವಣ ಕುರಿತ ವರದಿಯ ಪ್ರಕಾರ ಜಗತ್ತಿನಲ್ಲಿ 150 ಕೋಟಿಗೂ ಹೆಚ್ಚು ಜನರಿಗೆ ಯಾವುದಾದರೊಂದು ಪ್ರಮಾಣದ ಶ್ರವಣನ್ಯೂನತೆಯಿದೆ. ಅವರಲ್ಲಿ ಸುಮಾರು 43 ಕೋಟಿ ಜನರಿಗೆ ಚಿಕಿತ್ಸೆ ಅಥವಾ ಪುನರ್ವಸತಿಯ ಅಗತ್ಯವಿದೆ. ಅರುವತ್ತು ದಾಟಿದವರಲ್ಲಿ ನಾಲ್ವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ದೈನಂದಿನ ಬದುಕಿಗೆ ತೊಡಕಾಗುವಷ್ಟು ಕಿವುಡು. 2011ರ ಜನಗಣತಿಯಲ್ಲೇ ಭಾರತದಲ್ಲಿ ಆ ವಯಸ್ಸಿನವರು ಹತ್ತು ಕೋಟಿಗೂ ಮಿಕ್ಕಿದ್ದರು. ಮಕ್ಕಳು ಬೆಂಗಳೂರಿಗೋ ಮುಂಬಯಿಗೋ ಕೊಲ್ಲಿ ದೇಶಗಳಿಗೋ ಹೋಗಿ ಹಿರಿಯರಿಬ್ಬರೇ ಉಳಿದ ಮನೆಗಳು ಬೆಳ್ತಂಗಡಿ, ಬಂಟ್ವಾಳಗಳಲ್ಲಿ ಎಷ್ಟೋ ಇವೆ.

ವೃದ್ಧಾಪ್ಯದ ಕಿವುಡಿನ ಸ್ವಭಾವವನ್ನು ತಿಳಿಯದೆ ಮುಂದಿನ ವಿಚಾರ ಅರ್ಥವಾಗದು. ಒಳಗಿವಿಯ ಶಂಖಾಕೃತಿಯ ಭಾಗದಲ್ಲಿ ಸುಮಾರು 15 ಸಾವಿರ ರೋಮಕೋಶಗಳಿವೆ. ಶಬ್ದದ ಕಂಪನವನ್ನು ನರದ ಸಂದೇಶವಾಗಿ ಮಾರ್ಪಡಿಸುವವು ಇವೇ. ಮನುಷ್ಯನಲ್ಲಿ ಒಮ್ಮೆ ನಾಶವಾದ ರೋಮಕೋಶ ಮರಳಿ ಹುಟ್ಟುವುದಿಲ್ಲ. ವಯಸ್ಸಿನೊಡನೆ ಮೊದಲು ಕುಂದುವುದು ಎತ್ತರದ ಸ್ವರವನ್ನು ಹಿಡಿಯುವ ಕೋಶಗಳು. ಸ್ವರಾಕ್ಷರಗಳ ಬಲ ತಗ್ಗಿನ ಧ್ವನಿಯಲ್ಲಿದೆ. ಸಕಾರ, ಶಕಾರ, ತಕಾರ, ಕಕಾರಗಳ ಗುರುತು ಎತ್ತರದ ಧ್ವನಿಯಲ್ಲಿದೆ. ಆದುದರಿಂದ ಹಿರಿಯರಿಗೆ ಮಾತು ಕೇಳಿಸುತ್ತದೆ, ಆದರೆ ‘ತಲೆ’ಯೋ ‘ಕಲೆ’ಯೋ ಎಂಬುದು ಸ್ಪಷ್ಟವಾಗುವುದಿಲ್ಲ. ಮನೆಯವರು ದನಿ ಏರಿಸಿದಷ್ಟೂ ಸ್ವರಗಳೇ ದೊಡ್ಡದಾಗುತ್ತವೆ, ವ್ಯಂಜನಗಳು ಇದ್ದಲ್ಲೇ ಇರುತ್ತವೆ. ‘ಕಿರುಚಬೇಡಿ, ಬಿಡಿಸಿ ಹೇಳಿ’ ಎಂದು ಹಿರಿಯರು ಗದರಿದರೆ ಅದು ಸಿಡುಕಲ್ಲ, ನಿಖರವಾದ ವರದಿ.

ಇಲ್ಲಿ ಧಾರ್ಮಿಕ ಮನಸ್ಸಿನಲ್ಲಿ ಒಂದು ಆಕ್ಷೇಪ ಏಳುವುದು ಸಹಜ. ಇಂದ್ರಿಯಗಳ ಕುಂದು ಕರ್ಮೋದಯದ ಫಲ, ಜರೆ ದೇಹದ ಧರ್ಮ. ಅದನ್ನು ಸಮಭಾವದಿಂದ ಸಹಿಸುವುದೇ ಶ್ರೇಯಸ್ಕರವಲ್ಲವೇ? ‘ಇನ್ನೆಷ್ಟು ದಿನ, ನನಗೇಕೆ ಈ ಯಂತ್ರ’ ಎನ್ನುವ ಹಿರಿಯರ ಮಾತಿನಲ್ಲಿ ವೈರಾಗ್ಯದ ಅಂಶವೂ ಇರಬಹುದು. ಆದರೆ ಕರ್ಮಸಿದ್ಧಾಂತವು ಚಿಕಿತ್ಸೆಯನ್ನು ನಿಷೇಧಿಸುವುದಾಗಿದ್ದರೆ ಚತುರ್ವಿಧ ದಾನಗಳಲ್ಲಿ ಔಷಧದಾನಕ್ಕೆ ಸ್ಥಾನವೇ ಇರುತ್ತಿರಲಿಲ್ಲ, ಆಭ್ಯಂತರ ತಪಸ್ಸುಗಳ ಸಾಲಿನಲ್ಲಿ ವೈಯಾವೃತ್ತ್ಯವೂ ಬರುತ್ತಿರಲಿಲ್ಲ. ಕರ್ಮದ ಉದಯಕ್ಕೆ ಬಾಹ್ಯ ನಿಮಿತ್ತಗಳುಂಟು, ಹಾಗೆಯೇ ಅದರ ಕ್ಷಯೋಪಶಮಕ್ಕೂ. ಇನ್ನು ಮೌನದ ವಿಷಯ. ಮೌನವು ವ್ರತ, ತಾನಾಗಿ ಕೈಗೊಂಡದ್ದು. ಕೇಳದ್ದರಿಂದ ಒದಗಿದ ನಿಶ್ಶಬ್ದವು ಮೌನವಾಗದು. ಅದರಲ್ಲಿ ಸಂಯಮಕ್ಕಿಂತ ಹೆಚ್ಚಾಗಿ ಶಂಕೆ ಬೆಳೆಯುತ್ತದೆ. ಪಕ್ಕದ ಕೋಣೆಯ ಮಾತೆಲ್ಲ ತನ್ನ ಕುರಿತೇ ಎಂದು ತೋರುತ್ತದೆ. ಕಷಾಯಗಳು ಮಂದವಾಗಬೇಕಾದ ವಯಸ್ಸಿನಲ್ಲಿ ಅವಕ್ಕೆ ಹೊಸ ಆಹಾರ ದೊರೆತಂತಾಗುತ್ತದೆ.

ಭಗವತೀ ಆರಾಧನೆಯು ಮುನಿಯು ಅಂತಿಮ ಆರಾಧನೆಗೆ ತೊಡಗಲು ಅರ್ಹನಾಗುವ ಕಾರಣಗಳನ್ನು ಹೇಳುವಲ್ಲಿ ಕಣ್ಣು ಅಥವಾ ಕಿವಿಯ ದೌರ್ಬಲ್ಯವನ್ನೂ ಎಣಿಸುತ್ತದೆ. ಸಮಿತಿಗಳ ಪಾಲನೆಗೆ ಇಂದ್ರಿಯಗಳು ಬೇಕೆಂಬುದು ಅದರ ಹಿಂದಿನ ವಿವೇಕ. ಗೃಹಸ್ಥರಿಗೆ ಬರೆದ ರತ್ನಕರಂಡಕ ಶ್ರಾವಕಾಚಾರದಲ್ಲಿ ಸಮಂತಭದ್ರಾಚಾರ್ಯರು ಉಪಸರ್ಗ, ದುರ್ಭಿಕ್ಷ, ಜರೆ, ರೋಗಗಳನ್ನು ಹೇಳುವಾಗ ಅವು ಪ್ರತೀಕಾರವಿಲ್ಲದವು ಆಗಿರಬೇಕೆಂಬ ವಿಶೇಷಣವನ್ನು ಜೋಡಿಸಿದ್ದಾರೆ. ಈ ಒಂದು ವಿಶೇಷಣದಲ್ಲಿ ಪ್ರಸ್ತುತ ಪ್ರಶ್ನೆಯ ತಿರುಳಿದೆ. ಪ್ರತೀಕಾರ ಉಂಟೋ ಇಲ್ಲವೋ ಎಂಬುದನ್ನು ಪರೀಕ್ಷಿಸದೆ ‘ವಯಸ್ಸಾಯಿತು’ ಎಂದು ಕೈಬಿಡುವುದು ಸಮಭಾವವೂ ಅಲ್ಲ, ಸಮ್ಯಕ್ ಜ್ಞಾನವೂ ಅಲ್ಲ. ಪ್ರತೀಕಾರವನ್ನು ಹುಡುಕುವ ಶ್ರಮಕ್ಕೇ ಇಂದಿನ ಭಾಷೆಯಲ್ಲಿ ಸಂಶೋಧನೆಯೆಂದು ಹೆಸರು. ಹಣವೂ ತಜ್ಞರೂ ಮಿತವಾಗಿರುವಾಗ ಯಾವ ಪ್ರತೀಕಾರವನ್ನು ಮೊದಲು ಹುಡುಕಬೇಕು, ಅದನ್ನು ಯಾರು ನಿರ್ಧರಿಸಬೇಕು ಎಂಬುದು ನೈತಿಕ ಪ್ರಶ್ನೆ.

ಇದುವರೆಗೆ ಅದನ್ನು ನಿರ್ಧರಿಸುತ್ತ ಬಂದವರು ಪ್ರಾಯಶಃ ವಿಜ್ಞಾನಿಗಳು, ಸರಕಾರಗಳು, ಯಂತ್ರ ತಯಾರಕರು. ಕೇಳಿಸದವರನ್ನು ಕೇಳಿದ್ದು ಅಪರೂಪ. ಇಂಗ್ಲೆಂಡಿನಲ್ಲಿ 2004ರಲ್ಲಿ ಆರಂಭವಾದ ಜೇಮ್ಸ್ ಲಿಂಡ್ ಒಕ್ಕೂಟವು ರೋಗಿಗಳು, ಮನೆಯವರು, ವೈದ್ಯರು ಒಂದೇ ಮೇಜಿನ ಸುತ್ತ ಕುಳಿತು ಉತ್ತರ ದೊರೆಯದ ಪ್ರಶ್ನೆಗಳನ್ನು ಆರಿಸುವ ಕ್ರಮವೊಂದನ್ನು ರೂಢಿಸಿತು. ಸೌಮ್ಯ ಮತ್ತು ಮಧ್ಯಮ ಪ್ರಮಾಣದ ಶ್ರವಣದೋಷದ ಬಗೆಗೆ ಅಂಥ ಹತ್ತು ಪ್ರಶ್ನೆಗಳ ಪಟ್ಟಿ 2015ರಲ್ಲಿ ಸಿದ್ಧವಾಯಿತು. ಆ ಪಟ್ಟಿ ಅಲ್ಲಿಯ ಜನರದು, ಅದನ್ನು ತಂದು ಇಲ್ಲಿ ಅಂಟಿಸುವಂತಿಲ್ಲ. ಆದರೆ ಕ್ರಮವು ಅನೇಕಾಂತಕ್ಕೆ ಪರಿಚಿತವಾದುದೇ. ಶ್ರವಣತಜ್ಞನ ನಕ್ಷೆ ಒಂದು ನಯ, ‘ಟಿ.ವಿ. ಇಷ್ಟು ದೊಡ್ಡದಾಗಿ ಇಡುತ್ತಾರೆ’ ಎಂಬ ಸೊಸೆಯ ದೂರು ಇನ್ನೊಂದು ನಯ, ‘ನಾಲ್ಕು ಜನ ಸೇರಿದಲ್ಲಿ ನಾನು ಕಲ್ಲಾಗುತ್ತೇನೆ’ ಎಂಬ ಹಿರಿಯರ ಅನುಭವ ಮತ್ತೊಂದು. ಕೊನೆಯದನ್ನು ಬಿಟ್ಟು ಸಿದ್ಧವಾದ ಪಟ್ಟಿ ಏಕಾಂತ.

ಮಗುವಿನ ಕಿವುಡಿಗೂ ಮುದುಕರ ಕಿವುಡಿಗೂ ಹಣ ಹಂಚುವಾಗ ಮಗುವಿಗೇ ಮೊದಲ ಹಕ್ಕೆಂಬ ವಾದವನ್ನು ಅಲ್ಲಗಳೆಯುವುದು ಕಷ್ಟ. ಮೊದಲ ಕೆಲವು ವರ್ಷಗಳಲ್ಲಿ ಕೇಳದ ಮಗು ಮಾತನ್ನೇ ಕಲಿಯದೆ ಹೋಗಬಹುದು. ದೇಶದಲ್ಲಿ 2007ರಲ್ಲಿ ಆರಂಭವಾದ ಕಿವುಡುತನ ತಡೆ ಕಾರ್ಯಕ್ರಮವು ಮಕ್ಕಳ ಕಡೆಗೆ ವಿಶೇಷ ಗಮನ ಕೊಟ್ಟದ್ದು ಸರಿಯೇ. ಯಂತ್ರ ಒಂದೇ ಇದ್ದರೆ ಅದು ಮಗುವಿನ ಕಿವಿಗೆ ಹೋಗಲಿ. ಆದರೆ ಸಂಶೋಧನೆಯ ಪ್ರಶ್ನೆಗಳಲ್ಲಿಯೂ ಹಿರಿಯರಿಗೆ ಪಾಲಿಲ್ಲವೆಂದರೆ ಅದು ನ್ಯಾಯವಲ್ಲ. ಎಪ್ಪತ್ತರ ನಂತರದ ಬದುಕನ್ನು ಲೆಕ್ಕದಿಂದ ಬಿಟ್ಟಂತೆ.

ಎಲ್ಲಕ್ಕಿಂತ ಜಟಿಲವಾದ ಪ್ರಶ್ನೆ ಅಹಿಂಸೆಯದು. ಹಕ್ಕಿಗಳಲ್ಲಿ ನಾಶವಾದ ರೋಮಕೋಶಗಳು ಮರಳಿ ಹುಟ್ಟುತ್ತವೆಂದು 1988ರಲ್ಲಿ ತಿಳಿದುಬಂತು. ಅಂದಿನಿಂದ ಮನುಷ್ಯನಲ್ಲಿಯೂ ಅವನ್ನು ಚಿಗುರಿಸುವ ಆಸೆ ವಿಜ್ಞಾನಿಗಳನ್ನು ಬಿಟ್ಟಿಲ್ಲ. ಈ ದಾರಿಯಲ್ಲಿ ಕೋಳಿಮರಿಗಳನ್ನೂ ಇಲಿಗಳನ್ನೂ ಗಿನಿಹಂದಿಗಳನ್ನೂ ತೀವ್ರ ಸದ್ದಿನಿಂದ ಅಥವಾ ಔಷಧದಿಂದ ಬೇಕೆಂದೇ ಕಿವುಡು ಮಾಡಿ, ಅನಂತರ ಕೊಂದು ಒಳಗಿವಿಯನ್ನು ಪರೀಕ್ಷಿಸುವುದು ವಾಡಿಕೆ. ಕೋಶಗಳನ್ನು ಪುನಃ ಬೆಳೆಸುವ ಭರವಸೆಯಿಂದ ಮನುಷ್ಯರ ಮೇಲೆ ಪ್ರಯೋಗಿಸಿದ ಅಮೆರಿಕದ ಔಷಧವೊಂದು ಮಾತಿನ ಗ್ರಹಿಕೆಯನ್ನು ಉತ್ತಮಗೊಳಿಸದೆ 2023ರಲ್ಲಿ ಕೈಬಿಡಲ್ಪಟ್ಟಿತು. ಹುಟ್ಟುಕಿವುಡಿನ ಒಂದು ಬಗೆಯಲ್ಲಿ ವಂಶವಾಹಿ ಚಿಕಿತ್ಸೆಯಿಂದ ಕೆಲವು ಮಕ್ಕಳಿಗೆ ಕೇಳಿಸತೊಡಗಿದ ವರದಿಗಳು 2024ರಲ್ಲಿ ಬಂದವು. ಅದು ಸಂತೋಷದ ಸಂಗತಿ. ವೃದ್ಧಾಪ್ಯದ ಕಿವುಡು ಅಂಥ ಒಂದೇ ದೋಷದಿಂದ ಬಂದುದಲ್ಲವಾದ್ದರಿಂದ ಹಿರಿಯರಿಗೆ ಅದರಿಂದ ಸದ್ಯಕ್ಕೆ ಪ್ರಯೋಜನವಿಲ್ಲ.

1960ರ ಪ್ರಾಣಿಹಿಂಸೆ ತಡೆ ಕಾಯಿದೆಯು ಇಂಥ ಪ್ರಯೋಗಗಳನ್ನು ನಿಯಂತ್ರಣಕ್ಕೆ ಒಳಪಡಿಸಿ ಅನುಮತಿಸುತ್ತದೆ. ಕಾಯಿದೆ ಅನುಮತಿಸಿದ ಮಾತ್ರಕ್ಕೆ ಶ್ರಾವಕಧರ್ಮದ ಪ್ರಶ್ನೆ ಮುಗಿಯದು. ಗೃಹಸ್ಥನಿಗೆ ಆರಂಭಿ, ಉದ್ಯೋಗಿ, ವಿರೋಧಿ ಹಿಂಸೆಗಳು ಪೂರ್ಣವಾಗಿ ತಪ್ಪವು. ಸಂಕಲ್ಪಿ ಹಿಂಸೆ ಮಾತ್ರ ಸರ್ವಥಾ ತ್ಯಾಜ್ಯ. ಗದ್ದೆ ಉಳುವಾಗ ಸಾಯುವ ಹುಳು ರೈತನ ಉದ್ದೇಶವಲ್ಲ. ಪ್ರಯೋಗಾಲಯದ ಇಲಿಯ ಕಿವುಡು ಪ್ರಯೋಗದ ಉದ್ದೇಶವೇ ಆಗಿದೆ. ಅಲ್ಲಿ ಕರುಣೆಯ ಗುರಿಯಿದೆ, ನಿಜ; ಆದರೂ ಕ್ರಿಯೆ ಸಂಕಲ್ಪಪೂರ್ವಕ. ಪಾಪದ ಭಾಗ ಮಾಡಿದವನಿಗೆ ಮಾತ್ರವಲ್ಲ, ಮಾಡಿಸಿದವನಿಗೂ ಅನುಮೋದಿಸಿದವನಿಗೂ ಇದೆಯೆಂಬ ಕೃತ-ಕಾರಿತ-ಅನುಮತದ ವಿವೇಚನೆಯನ್ನು ಮನ್ನಿಸುವ ಒಂದು ಬಸದಿಯ ಆಡಳಿತ ಮಂಡಳಿ, ತನ್ನ ನಿಧಿಯಿಂದ ಅಂಥ ಪ್ರಯೋಗಕ್ಕೆ ಹಣ ಕೊಟ್ಟು ‘ನಾವು ಹಣವನ್ನಷ್ಟೇ ಕೊಟ್ಟೆವು’ ಎನ್ನುವಂತಿಲ್ಲ.

ಹಾಗೆಂದು ಕೈ ತೊಳೆದುಕೊಳ್ಳುವುದೂ ಸುಲಭವಲ್ಲ. ಒಳಗಿವಿಯೊಳಗೆ ಇರಿಸುವ ವಿದ್ಯುತ್ ಸಾಧನವು ಬೆಕ್ಕುಗಳ ಮೇಲಿನ ಪ್ರಯೋಗಗಳನ್ನು ದಾಟಿ ಬಂದಿದೆ. ಅದನ್ನು ಧರಿಸಿದ ಮಗುವನ್ನಾಗಲಿ ಅದನ್ನು ಕೊಡಿಸಿದ ತಂದೆತಾಯಿಯರನ್ನಾಗಲಿ ದೂಷಿಸುವುದು ಕ್ರೌರ್ಯ. ನಾಳೆ ಬೇರೆಯವರು ಇಲಿಗಳ ಪ್ರಾಣದ ಬೆಲೆಯಲ್ಲಿ ಔಷಧ ಕಂಡುಹಿಡಿದರೆ ಶ್ರಾವಕನು ಅದನ್ನು ಸೇವಿಸಬೇಕೇ, ಬೇಡವೇ? ಪ್ರಾಮಾಣಿಕರಿಗೆ ಇದು ನಿದ್ದೆಗೆಡಿಸುವ ಪ್ರಶ್ನೆಯಾಗಿಯೇ ಉಳಿಯುವುದು. ಆದರೆ ಮೊದಲು ಏನನ್ನು ಸಂಶೋಧಿಸಬೇಕೆಂಬ ಆಯ್ಕೆ ಮುಂದಿರುವಾಗ ಇಷ್ಟು ನೋವಿಲ್ಲದೆ ನಿರ್ಣಯಿಸಬಹುದು. ಏಕೆಂದರೆ ಯಾವ ಪ್ರಾಣಿಯನ್ನೂ ನೋಯಿಸದೆ ಉತ್ತರ ಕಾಣಬಹುದಾದ, ಹಿರಿಯರಿಗೆ ಈ ವರ್ಷವೇ ಬೇಕಾದ ಪ್ರಶ್ನೆಗಳು ಉತ್ತರವಿಲ್ಲದೆ ಬಿದ್ದಿವೆ.

ಕಪಾಟಿನಲ್ಲಿ ಮಲಗಿರುವ ಶ್ರವಣಯಂತ್ರವನ್ನೇ ನೋಡಬಹುದು. 2017ರಲ್ಲಿ ಆರಂಭವಾದ ರಾಷ್ಟ್ರೀಯ ವಯೋಶ್ರೀ ಯೋಜನೆಯು ಬಡ ಹಿರಿಯ ನಾಗರಿಕರಿಗೆ ಯಂತ್ರ ಕೊಡುತ್ತದೆ. ಮಕ್ಕಳು ಪರ ಊರಿಂದ ಬೆಲೆಬಾಳುವುದನ್ನೇ ತಂದುಕೊಡುತ್ತಾರೆ. ಕೆಲವು ವಾರಗಳಲ್ಲಿ ಅದು ಡಬ್ಬಿ ಸೇರುತ್ತದೆ. ಏಕೆ? ‘ಹಟ’ ಎಂದು ಮನೆಯವರು ಹೇಳುತ್ತಾರೆ. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆಯೇ ಒಣಗದ ಈ ನಾಡಿನಲ್ಲಿ ತೇವ ಹೊಕ್ಕು ಯಂತ್ರ ಕೆಡುತ್ತದೆ, ಬೆವರು ಅದರ ಇನ್ನೊಂದು ಶತ್ರು. ಗುಂಡಿಯಷ್ಟು ಚಿಕ್ಕ ಬ್ಯಾಟರಿ ಒಂದೆರಡು ವಾರಕ್ಕೆ ಮುಗಿಯುತ್ತದೆ, ನಡುಗುವ ಬೆರಳಿಗೆ ಅದನ್ನು ಬದಲಿಸಲಾಗದು. ಹಲವು ವರ್ಷ ಎತ್ತರದ ಸದ್ದನ್ನು ಮರೆತಿದ್ದ ಮಿದುಳಿಗೆ ತಟ್ಟೆಯ ಸದ್ದೂ ಫ್ಯಾನಿನ ಸದ್ದೂ ಒಮ್ಮೆಲೆ ನುಗ್ಗಿದರೆ ಸಹಿಸಲಾಗುವುದಿಲ್ಲ. ವಾರಗಟ್ಟಲೆ ಅಭ್ಯಾಸವೂ ಯಂತ್ರವನ್ನು ಮತ್ತೆ ಮತ್ತೆ ಹೊಂದಿಸುವ ತಜ್ಞರ ಭೇಟಿಯೂ ಬೇಕು. ಇವುಗಳಲ್ಲಿ ಯಾವುದು ಎಷ್ಟು ಕಾರಣ, ಯಾವ ಉಪಾಯದಿಂದ ಎಷ್ಟು ಮಂದಿ ಯಂತ್ರವನ್ನು ಮರಳಿ ಕಿವಿಗೇರಿಸುತ್ತಾರೆ ಎಂಬುದು ಈ ತಾಲೂಕುಗಳ ಮನೆಮನೆಯಲ್ಲಿ ಕುಳಿತು ಅರಿಯಬೇಕಾದ ವಿಷಯ.

ಬಸದಿಗಳ ಟ್ರಸ್ಟುಗಳೂ ಇಲ್ಲಿ ಆತ್ಮಾವಲೋಕನ ಮಾಡಿಕೊಳ್ಳಬೇಕು. ನೇತ್ರಚಿಕಿತ್ಸಾ ಶಿಬಿರದ ಮಾದರಿ ಎಲ್ಲರಿಗೂ ಪರಿಚಿತ: ಪೊರೆ ತೆಗೆದರೆ ದೃಷ್ಟಿ ಬರುತ್ತದೆ, ಕೆಲಸ ಮುಗಿಯುತ್ತದೆ. ಕಿವಿಯ ಶಿಬಿರವನ್ನೂ ಅದೇ ಅಚ್ಚಿನಲ್ಲಿ ನಡೆಸಿ, ವೇದಿಕೆಯ ಮೇಲೆ ಯಂತ್ರ ಹಂಚಿ, ಭಾವಚಿತ್ರ ಪತ್ರಿಕೆಗೆ ಕಳುಹಿಸಿದರೆ ದಾನವು ಅಲ್ಲಿಗೇ ನಿಲ್ಲುತ್ತದೆ. ಯಂತ್ರವನ್ನು ಕೊಟ್ಟ ದಿನವೇ ಚಿಕಿತ್ಸೆಯ ಮೊದಲ ದಿನ. ಔಷಧದಾನಕ್ಕಿಂತ ವೈಯಾವೃತ್ತ್ಯಕ್ಕೆ ಇದು ಹತ್ತಿರದ್ದು.

ಭಾಷೆಯ ಪ್ರಶ್ನೆ ಇದಕ್ಕಿಂತಲೂ ಸೂಕ್ಷ್ಮ. ಕಿವಿಯ ಪರೀಕ್ಷೆ ಬರಿಯ ನಾದದಿಂದ ಮುಗಿಯುವುದಿಲ್ಲ, ಪದಗಳನ್ನು ಹೇಳಿ ಕೇಳಿಸಿಯೂ ಪರೀಕ್ಷಿಸಬೇಕು. 1965ರಲ್ಲಿ ಮೈಸೂರಿನಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯು ಕನ್ನಡಕ್ಕೆ ಪದಪಟ್ಟಿಗಳನ್ನು ರೂಪಿಸಿ ದೊಡ್ಡ ಉಪಕಾರ ಮಾಡಿದೆ. ಆದರೆ ಬಂಟ್ವಾಳದ ಅಜ್ಜಿಯ ಮನೆಮಾತು ತುಳುವೋ ಬ್ಯಾರಿಯೋ ಕೊಂಕಣಿಯೋ ಆಗಿರುತ್ತದೆ. ತುಳುವಿನಲ್ಲಿ ‘ನಾನು ಬಂದೆ’ ಎಂಬುದಕ್ಕೂ ‘ಅವನು ಬಂದ’ ಎಂಬುದಕ್ಕೂ ಕೊನೆಯ ಎಕಾರದ ಬಾಯ್ತೆರವಿನ ಅಂತರವೊಂದೇ ಗುರುತು. ಕನ್ನಡ ಲಿಪಿಯಲ್ಲಿ ಎರಡನ್ನೂ ‘ಬತ್ತೆ’ ಎಂದೇ ಬರೆಯುತ್ತಾರೆ. ಈ ಭೇದವನ್ನು ಕನ್ನಡದ ಪಟ್ಟಿ ಪರೀಕ್ಷಿಸಲಾರದು. ಸಮವಸರಣದಲ್ಲಿ ದಿವ್ಯಧ್ವನಿಯು ಕೇಳುವ ಪ್ರತಿಯೊಂದು ಜೀವಕ್ಕೂ ಅದರದರ ಭಾಷೆಯಲ್ಲಿ ತಿಳಿಯುತ್ತಿತ್ತೆಂದು ಪುರಾಣಗಳು ವರ್ಣಿಸುತ್ತವೆ. ಮನುಷ್ಯನ ಪರೀಕ್ಷಾಕೋಣೆಯಿಂದ ಅಷ್ಟನ್ನು ನಿರೀಕ್ಷಿಸಲಾಗದು. ಮನೆಮಾತಿನಲ್ಲಿ ಪರೀಕ್ಷೆ ನಡೆಯಲೆಂದು ಕೇಳುವುದು ಹೆಚ್ಚಲ್ಲ. ಮಂಗಳೂರಿನ ವೈದ್ಯಕೀಯ ಕಾಲೇಜುಗಳಲ್ಲಿ ಶ್ರವಣಶಾಸ್ತ್ರ ಕಲಿಯುವ ವಿದ್ಯಾರ್ಥಿಗಳಿಗೆ ಇದಕ್ಕಿಂತ ಸಮೀಪದ, ಇದಕ್ಕಿಂತ ಅಗ್ಗದ ಸಂಶೋಧನಾ ವಿಷಯ ದೊರೆಯುವುದು ಕಷ್ಟ. ಒಂದು ಸಣ್ಣ ವಿದ್ಯಾರ್ಥಿವೇತನ ಕೊಡಲು ಯಾವ ಟ್ರಸ್ಟಿಗೂ ಭಾರವಾಗದು.

ಬಸದಿಯ ಕಟ್ಟಡವೂ ಈ ಲೆಕ್ಕದಲ್ಲಿ ಬರುತ್ತದೆ. 1430ರಲ್ಲಿ ನಿರ್ಮಾಣಗೊಂಡ ಸಾವಿರ ಕಂಬದ ಬಸದಿಯಂಥ ಶಿಲಾಮಂಟಪಗಳಲ್ಲಿ ಧ್ವನಿಯು ಕಲ್ಲಿಗೆ ತಾಗಿ ಮರಳುತ್ತದೆ. ಮಂತ್ರಘೋಷಕ್ಕೆ ಅದು ಗಾಂಭೀರ್ಯ ಕೊಡುತ್ತದೆ, ಪ್ರವಚನದ ಅಕ್ಷರಗಳನ್ನು ಮಾತ್ರ ಒಂದರ ಮೇಲೊಂದು ಪೇರಿಸುತ್ತದೆ. ಅಲ್ಲಿಗೆ ದೊಡ್ಡ ಧ್ವನಿವರ್ಧಕ ತಂದರೆ ಪ್ರತಿಧ್ವನಿಯೂ ದೊಡ್ಡದಾಗುತ್ತದೆ. ಮಾತನಾಡುವವರ ಮೈಕಿನಿಂದ ನೇರವಾಗಿ ಹಿರಿಯರ ಕಿವಿಗೆ ಧ್ವನಿ ತಲುಪಿಸುವ ಸರಳ ವ್ಯವಸ್ಥೆಗಳಿವೆ. ಅವುಗಳಲ್ಲಿ ಯಾವುದು ಇಲ್ಲಿಗೆ ಒಗ್ಗುತ್ತದೆಂದು ಒಂದು ಚಾತುರ್ಮಾಸ್ಯದ ಅವಧಿಯಲ್ಲಿ ಪರೀಕ್ಷಿಸಿ ನೋಡಬಹುದು. ರಾತ್ರಿಯಿಡೀ ಚೆಂಡೆಯ ಪಕ್ಕದಲ್ಲಿ ನಿಲ್ಲುವ ಯಕ್ಷಗಾನ ಕಲಾವಿದರ, ಅಡಕೆ ತೋಟದಲ್ಲಿ ಹುಲ್ಲು ಕತ್ತರಿಸುವ ಯಂತ್ರ ಹೊತ್ತು ದುಡಿಯುವವರ, ಕೆಂಪುಕಲ್ಲಿನ ಕೋರೆಯ ಕಾರ್ಮಿಕರ ಕಿವಿಗಳಿಗೂ ಈ ಪಟ್ಟಿಯಲ್ಲಿ ಜಾಗ ಬೇಕು. ಇಂದಿನ ನಲವತ್ತರ ಕಿವಿಯೇ ನಾಳೆಯ ಎಪ್ಪತ್ತರ ಕಿವಿ.

ಶ್ರವಣಯಂತ್ರ ಧರಿಸಿದರೆ ಮರೆವಿನ ಕಾಯಿಲೆ ಬರುವುದಿಲ್ಲವೆಂಬ ಪ್ರಚಾರ ಈಚೆಗೆ ಹೆಚ್ಚಿದೆ. ಲ್ಯಾನ್ಸೆಟ್ ಆಯೋಗವು 2017ರಿಂದಲೂ ಶ್ರವಣದೋಷವನ್ನು ಮರೆವಿನ ಕಾಯಿಲೆಯ ತಡೆಯಬಹುದಾದ ಕಾರಣಗಳ ಸಾಲಿಗೆ ಸೇರಿಸಿರುವುದು ನಿಜ. ಆದರೆ 70ರಿಂದ 84 ವರ್ಷದ 977 ಮಂದಿಯನ್ನು ಮೂರು ವರ್ಷ ಗಮನಿಸಿ ಅಮೆರಿಕದಲ್ಲಿ ನಡೆಸಿದ, 2023ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಒಟ್ಟಾರೆ ವ್ಯತ್ಯಾಸ ಕಾಣಲಿಲ್ಲ. ಮೊದಲೇ ಹೆಚ್ಚು ಅಪಾಯದಲ್ಲಿದ್ದ ಗುಂಪಿನಲ್ಲಿ ಮಾತ್ರ ಬುದ್ಧಿಶಕ್ತಿಯ ಕುಸಿತ ಶೇಕಡಾ 48ರಷ್ಟು ನಿಧಾನವಾಯಿತು. ಸತ್ಯಾಣುವ್ರತವನ್ನು ನೆನೆಯುವವರು ಎರಡೂ ಮಾತುಗಳನ್ನು ಒಟ್ಟಿಗೇ ಹೇಳಬೇಕು. ಅಜ್ಜನಿಗೆ ಯಂತ್ರ ಕೊಡಿಸಲು ಮರೆವಿನ ಭಯ ಬೇಕಾಗಿಯೂ ಇಲ್ಲ. ದೂರದ ಮಗಳ ಫೋನಿನ ಮಾತು ತಿಳಿಯಬೇಕೆಂಬುದೇ ಸಾಕಷ್ಟು ಕಾರಣ.

ಜೀವಂಧರನು ಸಾಯುತ್ತಿದ್ದ ನಾಯಿಯ ಕಿವಿಯಲ್ಲಿ ಪಂಚನಮಸ್ಕಾರವನ್ನು ಉಚ್ಚರಿಸಿದ್ದನ್ನೂ ಅದು ಯಕ್ಷನಾಗಿ ಹುಟ್ಟಿದ್ದನ್ನೂ ತಿಳಿಯದ ಜೈನ ಮನೆಯಿಲ್ಲ. ಅದೇ ನಂಬುಗೆಯಿಂದ ಹಿರಿಯರ ಕೊನೆಯ ಗಳಿಗೆಯಲ್ಲಿ ಮಂಚದ ಬಳಿ ಕುಳಿತವರು ಬಾಗಿ ಕಿವಿಯ ಹತ್ತಿರ ಮಂತ್ರ ಹೇಳುತ್ತಾರೆ. ವಯಸ್ಸಿನ ಕಿವುಡು ಸಾಮಾನ್ಯವಾಗಿ ಎರಡೂ ಕಿವಿಗಳಿಗೆ ಬರುವುದಾದರೂ ಹಲವರಿಗೆ ಒಂದು ಕಿವಿ ಇನ್ನೊಂದಕ್ಕಿಂತ ಚೆನ್ನಾಗಿ ಕೇಳುತ್ತಿರುತ್ತದೆ. ತಂದೆಯ ಯಾವ ಕಿವಿ ಹೆಚ್ಚು ಕೇಳುತ್ತದೆಂದು ವಿಚಾರಿಸಿದರೆ ಉತ್ತರ ಹೇಳಬಲ್ಲ ಮಕ್ಕಳು ಎಷ್ಟು ಮಂದಿ ಇದ್ದಾರೆ? ಪರೀಕ್ಷೆ ಮಾಡಿಸಿದ್ದರೆ ಅದು ಒಂದು ಹಾಳೆಯ ಮೇಲೆ ಎರಡು ಗೆರೆಗಳಾಗಿ ಬರೆದಿರುತ್ತದೆ: ಕೆಂಪಿನದು ಬಲಗಿವಿ, ನೀಲಿಯದು ಎಡಗಿವಿ.